‘ಬರಲ್ಲ’ ಎಂದವರಿಗೆ ಚಾಚಿದ ಕೈ

ಎಲ್ಲರಿಗೂ ನಮಸ್ಕಾರ. ನಮ್ಮನ್ನಗಲಿದ ಮೇಡಂ ಅವರ, ಮುಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರಿಗೆ, ಮೇಡಂ ಅವರ ಅಕ್ಕನವರಿಗೆ, ನಮ್ಮ ನರ್ಸಿಂಗ್ ಶಾಲೆಯ ಪ್ರಾಂಶುಪಾಲರಿಗೆ, ವಾರ್ಡಿನಿಂದ ಸಮವಸ್ತ್ರದಲ್ಲೇ ಬಂದಿರುವ ಸಿಸ್ಟರ್‌ಗಳಿಗೆ, ವಿದ್ಯಾರ್ಥಿಗಳಿಗೆ ನನ್ನ ವಂದನೆ. ನಾನು ಮೇಡಂ ಅವರ ಪಕ್ಕದ ಕೋಣೆಯಲ್ಲಿ ಪಾಠ ಮಾಡುವವನು. ಗೋಡೆ ತೆಳು — ಅವರ ಪಾಠ ಅರ್ಧ ನನಗೂ ಆಗುತ್ತಿತ್ತು.

ಈಗಲೂ ಕೇಳಿಸುತ್ತದೆ. ಮಾತಿನ ಚಂದಕ್ಕೆ ಹೇಳುತ್ತಿಲ್ಲ. ನಿನ್ನೆ ಪಾಠದ ನಡುವೆ ಮಾತು ನಿಲ್ಲಿಸಿದೆ. ಗೋಡೆಯಾಚೆಯಿಂದ “ಹೂಂ, ಏನಾಯ್ತು ಹೇಳು” ಎಂದಂತಾಯಿತು. ತಲೆಯೆತ್ತಿ ನೋಡಿದರೆ ಮಕ್ಕಳೂ ಬರೆಯುವುದು ನಿಲ್ಲಿಸಿದ್ದರು. ಯಾರಿಗೆ ಏನು ಕೇಳಿಸಿತೋ ಗೊತ್ತಿಲ್ಲ.

ಅವರು ಸೂಜಿ ಹಾಕುವುದನ್ನು ಹೇಗೆ ಕಲಿಸುತ್ತಿದ್ದರು ಎಂದು ಮನೆಯವರಿಗೆ ತಿಳಿದಿರಲಿಕ್ಕಿಲ್ಲ. ಅಭ್ಯಾಸದ ಕೋಣೆಯಲ್ಲಿ ಒಂದು ರಬ್ಬರ್ ಕೈ ಇದೆ. ಅದರಲ್ಲಿ ನರ ಹುಡುಕಬೇಕು. ತಪ್ಪಿದರೆ ಬೈಗುಳವಿಲ್ಲ. “ಏನಾಯ್ತು? ನಿನ್ನ ಬಾಯಲ್ಲೇ ಹೇಳು.” ಬೆರಳಿಟ್ಟು ನೋಡದೆ ಆತುರಪಟ್ಟೆ, ಚರ್ಮ ಬಿಗಿಯಾಗಿ ಹಿಡಿಯಲಿಲ್ಲ, ಹೆದರಿದೆ — ಏನಾಯಿತೋ ಅದನ್ನು ಹೇಳಬೇಕು. ಹೇಳಿದ ಮೇಲೆ ಇನ್ನೊಮ್ಮೆ. ರಬ್ಬರಿನಲ್ಲಿ ಸಿಕ್ಕಿದ ಮೇಲೆ ತಮ್ಮದೇ ಕೈಯನ್ನು ಹೀಗೆ — ಹೀಗೆ ಮುಂದಿಡುತ್ತಿದ್ದರು. ನಾನೊಮ್ಮೆ, “ಏನ್ರೀ ಇದು, ಕೈಯೋ ಜರಡಿಯೋ?” ಅಂದೆ.

“ರಬ್ಬರಿಗೆ ನೋವಾಗಲ್ಲ ಸರ್. ನೋವಾಗೋ ಕೈ ಮೇಲೂ ಕಲೀಬೇಕಲ್ಲ” ಅಂದರು.

“ನಂಗೆ ಬರಲ್ಲ ಮೇಡಂ” ಅಂದರೆ ಮಾತ್ರ ಬಿಡುತ್ತಿರಲಿಲ್ಲ. “ಬರಲ್ವಾ? ಅದೇನು ಊಟಕ್ಕೆ ಕರೆದ ನೆಂಟರೇನಮ್ಮಾ, ಕರೆದ ತಕ್ಷಣ ಬರೋಕೆ? ಬರೋವರೆಗೂ ಕರಿ. ನಾನೂ ಜೊತೆಗೆ ಕೂತಿರ್ತೀನಿ.” ಕೂತೇ ಇರುತ್ತಿದ್ದರು — ಚುರುಕಿನವರು ಮುಗಿಸಿ ಹೋದ ಮೇಲೂ, ಕಟ್ಟಕಡೆಯವರ ಕೈ ಪಳಗುವವರೆಗೂ. ಒಬ್ಬರಿಗೆ ಬರದಿದ್ದರೂ ಆ ಪಾಠ ಮುಗಿದಿಲ್ಲ ಎಂದೇ ಅವರ ನಂಬಿಕೆ.

ಇನ್ನು — ಅವರ ಕೊನೆಯ ಮಧ್ಯಾಹ್ನದ ಮಾತು. ಆಸ್ಪತ್ರೆಯಲ್ಲಿ ನಾನು ಅವರ ಮಂಚದ ಪಕ್ಕದಲ್ಲಿದ್ದೆ. ಡ್ರಿಪ್ ಹಾಕಲು ಬಂದವಳು ಅವರದೇ ವಿದ್ಯಾರ್ಥಿನಿ. ಕಾಯಿಲೆಯಲ್ಲಿ ಸೊರಗಿದ ಕೈ. ನರ ಬೆರಳಡಿಯಲ್ಲೇ ಜಾರುತ್ತಿತ್ತು. ಸಿಗಲಿಲ್ಲ. “ಏನಾಯ್ತು ಹೇಳು” ಎಂದರು ಮೇಡಂ. ಹುಡುಗಿ “ನಂಗೆ ಬರಲ್ಲ” ಎಂದವಳೇ ಟ್ರೇ ಬಿಟ್ಟು ಅಳುತ್ತಾ ಹೊರಗೋಡಿದಳು. ವಾರ್ಡಿನ ಸಿಸ್ಟರ್ ಬಂದು ಇನ್ನೊಂದು ಕೈಗೆ ಡ್ರಿಪ್ ಹಾಕಿದರು. ಔಷಧಿ ತಪ್ಪಲಿಲ್ಲ, ತಡವಾಗಲೂ ಇಲ್ಲ. ಮರುದಿನ ಬೆಳಗ್ಗೆ ಅವರ ಹೃದಯ ನಿಂತಿತು. ಸೂಜಿಗೂ ಅದಕ್ಕೂ ಸಂಬಂಧವಿಲ್ಲ — ಡಾಕ್ಟರ್ ಇಲ್ಲೇ ಕೂತಿದ್ದಾರೆ, ಅವರೂ ಇದನ್ನೇ ಹೇಳುತ್ತಾರೆ.

ಆದರೆ ಆ ಹುಡುಗಿ, “ಮೇಡಂಗೆ ಕೊನೆಯ ನೋವು ಕೊಟ್ಟವಳು ನಾನೇ” ಎಂದು ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದಾಳೆ. ಶಾಲೆ ಬಿಡುತ್ತಾಳಂತೆ.

ಅವಳು ನೋಡದ್ದನ್ನು ನಾನು ನೋಡಿದ್ದೇನೆ. ಅವಳು ಹೋದ ಮೇಲೆ ಮೇಡಂ ಸೂಜಿ ತಪ್ಪಿದ ಆ ಕೈ ಮುಚ್ಚಲು ಬಿಡಲಿಲ್ಲ. ಅಕ್ಕನವರು, “ಚಳಿ ಕಣೇ, ಹೊದ್ದುಕೋ” ಎಂದು ಹೊದಿಕೆ ಎಳೆದರು. ಮೇಡಂ ಸರಿಸಿದರು. “ಇರಲಿ ಅಕ್ಕ. ಅವಳು ಬರ್ತಾಳೆ.” ಕಾರಿಡಾರಿನಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ಮುಷ್ಟಿ ಬಿಗಿಹಿಡಿಯುತ್ತಿದ್ದರು — ನರ ಎದ್ದು ಕಾಣಲಿ ಅಂತ. ಬೆಳಗ್ಗೆ, ಎಲ್ಲ ಮುಗಿದ ಮೇಲೆ ನಾವು ನೋಡಿದಾಗಲೂ — ಆ ಕೈ ಹೊದಿಕೆಯ ಹೊರಗೇ ಇತ್ತು. ಬೆರಳು ಮಡಚಿಯೇ ಇದ್ದವು.

ಆ ಮುಷ್ಟಿ ನನ್ನ ಕಣ್ಣಿಂದ ಹೋಗುತ್ತಿಲ್ಲ. ನೊಂದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರು ಚಾಚಿಯೇ ಇಟ್ಟಿದ್ದರು.

ನಾಳೆಯಿಂದ ಅಭ್ಯಾಸದ ಕೋಣೆಯಲ್ಲಿ ನಾನು ಕೂರುತ್ತೇನೆ. ಅವರ ತಾಳ್ಮೆ ನನಗಿಲ್ಲ. ಕೈಯೂ ದಪ್ಪ, ನರ ಸುಲಭಕ್ಕೆ ಸಿಗುವುದಿಲ್ಲ. ಅಭ್ಯಾಸಕ್ಕೆ ಅದೇ ಒಳ್ಳೆಯದು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಬಾಗಿಲ ಹೊರಗೆ ಒಬ್ಬಳು ನಿಂತಿದ್ದಾಳೆ. ಯಾರೂ ತಿರುಗಿ ನೋಡಬೇಡಿ, ನಾನೂ ನೋಡುವುದಿಲ್ಲ — ಬಾಮ್ಮ, ಒಳಗೆ ಬಾ. ನೀನು ಬಂದು ನಿಂತ ಮೇಲೆಯೇ ಮೌನ ಶುರುಮಾಡುತ್ತೇವೆ.