ಟ್ರ್ಯಾಕ್ಟರ್ ಟ್ಯೂಬಿನ ಉಸಿರು

ಅಥಣಿಯ ಬಾವಿಯಲ್ಲಿ ಮೀನು ಆಕಳಿಸಿದರೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕೂತ ನನಗೆ ಕೇಳಿಸುತ್ತದೆ. ಅಥಣಿ ಬಸ್ಸಿಗೆ ಕಾಯುತ್ತಿದ್ದವನಿಗೆ ಹಿಂದಿನ ಬೆಂಚಿನ ಮಾತು ಯಾವ ಲೆಕ್ಕ? ಕಾಲೇಜಿನಲ್ಲಿ ಮೀನಿನ ಸಂಶೋಧನೆ ಮಾಡುವ ಅಕ್ಕುತಾಯಿ ಮೇಡಂ, ಅದೇ ಕಾಲೇಜಿನ ಫಿಟ್ಟರ್ ಲಗಮಪ್ಪನನ್ನು ಹಿಡಿದು ಕೇಳುತ್ತಿದ್ದರು.

"ನಿನ್ನೆ ಕಾಲೇಜಿನ್ಯಾಗ ಆರು ತಾಸು ಕರೆಂಟ್ ಇರಲಿಲ್ಲಂತ. ಗಾಳಿ ಪಂಪ್ ಬಂದ್. ಮೀನ ಎಲ್ಲಾ ಸತ್ತುವೇನ್ರಿ?"

"ಒಂದೂ ಸತ್ತಿಲ್ರಿ ಮೇಡಂ!"

"ಮತ್ತ ಗಾಳಿ?"

"ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ಮ್ಯಾಲ ಕಲ್ಲ ಹೇರಿದೆ. ದ್ರಾಕ್ಷಿ ತೋಟದ ಡ್ರಿಪ್ ಪೈಪ್ ಹಚ್ಚಿ ಎಲ್ಲಾ ಮೀನಿನ ಟಾಕಿ ತಳಕ್ಕ ಬಿಟ್ಟೆ. ಸಣ್ಣಗ ಗುಳುಗುಳು, ಗುಳುಗುಳು!"

"ಎರಡು ವರ್ಷದ ಕೆಲಸ ಉಳಿಸಿದ್ರಿ ಲಗಮಪ್ಪಾ! ನಡೀರಿ, ಮುಂದಿನ ಸಲಕ್ಕ ಎಲ್ಲಾ ಟಾಕಿಗೂ ಒಂದೊಂದು ಟ್ಯೂಬ್ ಕೂಡ್ರಸೂಣು!"

ಹೊರಟ ಲಗಮಪ್ಪ ನನ್ನತ್ತ ತಿರುಗಿದ.

"ಕಾಕಾ, ಅಥಣಿ ಬಸ್ ಮೂರು ಸಲ ಹಾರ್ನ್ ಹೊಡದು ಹೋತಲ್ರಿ!"

ಖರೆ ಹೇಳುತ್ತೇನೆ, ನನಗೆ ಕೇಳಿಸಲೇ ಇಲ್ಲ.