ಹುಳ ಬೀಳದ ಅಕ್ಕಿ

ನೀರಿನ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದ ಟೀಚರಮ್ಮನ ಪಕ್ಕದಲ್ಲೇ ಅಣ್ಣತಮ್ಮಂದಿರಿಬ್ಬರು ಅಕ್ಕಿಚೀಲ ಇಟ್ಟುಕೊಂಡು ಗುಸುಗುಸು ಜಗಳವಾಡುತ್ತಿದ್ದರು. ಬೇಡವೆಂದರೂ ಟೀಚರಮ್ಮನ ಕಿವಿ ಅತ್ತಲೇ ಹೋಯಿತು.

“ಬೆಳೆದವನು ನೀನು. ಯೂರಿಯಾ, ಔಷಧಿ ಏನೂ ಮುಟ್ಟಿಸಿಲ್ಲ ಅಂತ ನಿಂಗೇ ಗೊತ್ತು. ಮತ್ಯಾಕೋ ಈ ಪರೀಕ್ಷೆ?” ಎಂದ ಅಣ್ಣ.

“ಕಾಳು ಗಟ್ಟಿಯಾಗಿದೆ, ನುಚ್ಚೂ ಇಲ್ಲ. ಆದ್ರೆ ಪ್ರತಿ ವರ್ಷ ಹುಳ ಬೀಳ್ತಿತ್ತು, ಈ ಸಲ ಒಂದೂ ಇಲ್ವಲ್ಲಣ್ಣ. ಉಗ್ರಾಣದ ಬೀಗದ ಕೈ ನಿನ್ ಹತ್ರಾನೇ ಇತ್ತು.”

“ಅಂದ್ರೆ, ನನ್ ಮೇಲೇ ಅನುಮಾನಾನಾ?”

“ಛೇ, ಅನುಮಾನ ಇದ್ದಿದ್ರೆ ಹಿಂಗೆ ತಿಂತಿದ್ನಾ?”

ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದ ತಮ್ಮ, ಅಣ್ಣನ ಮುಖವನ್ನೇ ನೋಡುತ್ತ ಬಾಯಿಗೆ ಒಯ್ದ. ಅಣ್ಣ ಗಬಕ್ಕನೆ ಅವನ ಕೈ ಹಿಡಿದುಕೊಂಡ.

“ಬೇಡ್ವೋ! ತಿನ್ಬೇಡ!”

ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತು.

“ಏನ್ ಹಾಕ್ದೆ?”

“ಹುಳ ಸಾಯ್ಸೋ ವಿಷದ ಮಾತ್ರೆ. ಎಲ್ರೂ ಹಾಕ್ತಾರೆ ಕಣೋ.”

“ಮನೇಲಿ ಮಕ್ಕಳೂ ಇದನ್ನೇ ಉಣ್ತಿದಾವಲ್ಲಣ್ಣ!”

“ಅಯ್ಯೋ, ನಾನೇನು ಅಷ್ಟು ಪಾಪೀನಾ? ಮನೆಗೆ ಬೇರೆ ಚೀಲ ತೆಗೆದಿಟ್ಟಿದೀನಿ. ಇದು ಮಾರೋಕೆ ತಾನೇ?”

ಮಾದರಿ ತೆಗೆದುಕೊಳ್ಳುವ ಕಿಟಕಿಯಿಂದ ಕರೆ ಬಂದಾಗ ಚೀಲವನ್ನು ಹೆಗಲಿಗೇರಿಸಿ ತಮ್ಮ ಅತ್ತ ನಡೆದ. ಅಣ್ಣ ಅವನ ಹಿಂದೆ ಎರಡು ಹೆಜ್ಜೆ ಇಟ್ಟವನು, ತಿರುಗಿ ಬಾಗಿಲ ಕಡೆ ಹೊರಟುಹೋದ.