ಅಂಬುಜಮ್ಮನವರು ತೊಳೆದ ಸೀಸೆ

ಗುಬ್ಬಿ ಮಹಿಳಾ ಸಮಾಜದ ಅಧ್ಯಕ್ಷರಾದ ಅಲಮೇಲಮ್ಮನವರೇ, ಈ ರಕ್ತ-ಮೂತ್ರ ಪರೀಕ್ಷಾ ಕೇಂದ್ರಕ್ಕೆ ತಮ್ಮ ಮನೆಯ ಮುಂಭಾಗವನ್ನೇ ಬಿಟ್ಟುಕೊಟ್ಟ ಸದಾಶಿವಯ್ಯನವರೇ, ಕುಣಿಗಲ್ಲಿನಿಂದ ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಬಂದಿರುವ ಇಬ್ಬರು ಅತಿಥಿಗಳೇ, ನನ್ನ ಊರಿನ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಹೆಮ್ಮೆಯಾಗಿಲ್ಲ ಎಂದರೆ ಸುಳ್ಳು. ಪೇಟೆ ಬೀದಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕರಿಬಸವಯ್ಯನವರ ಮಗಳು ನಾನು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಭಾಷಣ ಎಲ್ಲಾದರೂ ಎಡವಿದರೆ ತಪ್ಪು ಮೀಡಿಯಮ್ಮಿನದು, ಮಾತು ನೇರವಾಗಿ ಬಂದರೆ ಅದು ಗುಬ್ಬಿಯದು.

ಲ್ಯಾಬೊರೇಟರಿಯ ಡಾಕ್ಟರೆಂದರೆ ಯಾರು? ನಾಡಿ ಹಿಡಿಯುವುದಿಲ್ಲ, ಹೆರಿಗೆ ಮಾಡಿಸುವುದಿಲ್ಲ. ನನ್ನ ತಾಯಿ ಕಲ್ಲಮ್ಮನವರಿಗೆ ಕಡೆಯವರೆಗೂ ಇದೇ ಕಷ್ಟ. ನೆಂಟರು ಕೇಳಿದರೆ "ರಕ್ತ ನೋಡ್ತಾಳೆ" ಎನ್ನುತ್ತಿದ್ದರು. ಮಲಮೂತ್ರವನ್ನೂ ನೋಡುತ್ತೇನೆಂಬುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಈ ಕೈಲಿ ಅದನ್ನೆಲ್ಲ ಮುಟ್ತೀಯೇನೇ?" ಎಂದರು. ಬೈಯಲಿಲ್ಲ, ಕೈಯನ್ನು ಬಿಡಲೂ ಇಲ್ಲ. ಅವರಿಗೆ ಏನು ಉತ್ತರ ಕೊಡಬೇಕಿತ್ತು? ಅದನ್ನು ಇವತ್ತಿಗೂ ಯೋಚಿಸುತ್ತೇನೆ. ಇರಲಿ, ವಿಷಯಕ್ಕೆ ಬರುತ್ತೇನೆ.

ನಾಳೆಯಿಂದ ಇಲ್ಲಿ ನಡೆಯುವ ಪರೀಕ್ಷೆಗಳೆಲ್ಲ ಸಾಮಾನ್ಯವಾದವು. ಸುಸ್ತು ಎಂದು ಬಂದವರಿಗೆ ರಕ್ತ ಕಡಿಮೆಯಾಗಿದೆಯೇ, ಹೊಟ್ಟೆಯಲ್ಲಿ ಕೊಕ್ಕೆಹುಳು ಇದೆಯೇ, ಚಳಿಜ್ವರ ಮಲೇರಿಯಾವೇ, ರಕ್ತದಲ್ಲಿ ಸಕ್ಕರೆ ಏರಿದೆಯೇ ಎಂದು ನೋಡುತ್ತೇವೆ. ಹೊರಗಿನಿಂದ ಒಂದೇ ಥರ ಕಾಣುವ ಸುಸ್ತು ಒಳಗೆ ಬೇರೆ ಬೇರೆ. ಒಂದು ವಿನಂತಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಖಾಲಿ ಹೊಟ್ಟೆಯಲ್ಲೇ ಬನ್ನಿ. ಹಿಂದೊಮ್ಮೆ ಹೆಬ್ಬೂರಿನ ದ್ಯಾವಪ್ಪನವರು "ದೇವ್ರಾಣೆ ಏನೂ ತಿಂದಿಲ್ಲ ಕಣವ್ವ" ಎಂದು ಪ್ರಮಾಣ ಮಾಡಿದರು. ಸಕ್ಕರೆ ಆಕಾಶದಲ್ಲಿತ್ತು. ಕೇಳಿದರೆ, "ಬೆಲ್ಲದ ಕಾಫಿ ಕುಡ್ದೆ. ಕಾಫಿ ಏನು ಊಟವಾ?"

ಅಪರೂಪದ ಕಾಯಿಲೆಯನ್ನೂ ಇದೇ ಸಾಮಾನ್ಯ ಪರೀಕ್ಷೆಯ ಬಾಗಿಲಿನಿಂದಲೇ ಹಿಡಿಯಬೇಕು. ಆ ಕಥೆ ಹೇಳಲು ಅತಿಥಿಗಳ ಒಪ್ಪಿಗೆ ಪಡೆದಿದ್ದೇನೆ. "ಹೇಳಮ್ಮ, ಆದ್ರೆ ಸೀಸೆ ವಿಷ್ಯ ಬಿಡಬೇಡ" ಎಂದು ಅವರಲ್ಲಿ ಹಿರಿಯರ ಅಪ್ಪಣೆಯಾಗಿದೆ.

ಎಪ್ಪತ್ತಾರನೆಯ ಇಸವಿ, ತುಮಕೂರಿನ ನಮ್ಮ ಚಿಕ್ಕ ಲ್ಯಾಬು. ಕುಣಿಗಲ್ಲಿನ ಅಂಬುಜಮ್ಮನವರು ಸೊಸೆ ಕೌಸಲ್ಯಳ ಮೂತ್ರವನ್ನು ಸೀಸೆಯಲ್ಲಿ ತಂದರು. ಸೊಸೆಗೆ ಆಗಾಗ ತಡೆಯಲಾರದ ಹೊಟ್ಟೆನೋವು. ಜೊತೆಗೆ ಅಸಂಬದ್ಧ ಮಾತು, ಗೋಡೆಯ ಮೇಲೆ ಯಾರೋ ಕಂಡಂತೆ ಕಿರುಚಾಟ. ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ದಿದ್ದರು, ಒಳಗೆ ಏನೂ ಸಿಕ್ಕಿರಲಿಲ್ಲ. ನೆಂಟರು ಗಾಳಿ ಎಂದರು. ವ್ರತದಲ್ಲಿ ಲೋಪವಾಗಿದೆ ಎಂದರು. ಕೊನೆಗೆ ಹುಚ್ಚು ಎಂದು ತೀರ್ಮಾನಿಸಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸುವುದು, ಅಲ್ಲಿಂದ ತವರಿಗೆ ಕಳಿಸಿ ಮಗ ಯೋಗನರಸಿಂಹನಿಗೆ ಬೇರೆ ಸಂಬಂಧ ನೋಡುವುದು ಎಂಬಲ್ಲಿಗೆ ಮಾತು ಬಂದಿತ್ತು. ಅದಕ್ಕೆ ಮುಂಚೆ ಡಾಕ್ಟರು ಒಂದು ಮಾಮೂಲಿ ಮೂತ್ರಪರೀಕ್ಷೆ ಬರೆದಿದ್ದರು, ಅಷ್ಟೆ.

ಅವತ್ತು ಜನ ಬಹಳ. ಸೀಸೆ ಕಿಟಕಿಯ ಬಿಸಿಲಿನಲ್ಲಿ ಸರದಿ ಕಾಯುತ್ತಿತ್ತು. ನಮ್ಮ ಟೆಕ್ನಿಷಿಯನ್ ಓಬಳಯ್ಯ ಕೈಗೆತ್ತಿಕೊಂಡಾಗ ಕಷಾಯದಂತೆ ಕಪ್ಪುಗೆಂಪು.

"ಅಮ್ಮೋ, ಸೀಸೆ ತೊಳ್ದೇ ಇಲ್ವಲ್ಲ. ಯಾವ ಟಾನಿಕ್ಕಿಂದು ಇದು?"

ಹೇಳಬಾರದ ಮಾತನ್ನು ಹೇಳಬಾರದವರಿಗೆ ಹೇಳಿಬಿಟ್ಟಿದ್ದರು. ನಲ್ಲಿಯನ್ನೂ ತೊಳೆದು ನೀರು ಹಿಡಿಯುವ ಮಡಿ ಅಂಬುಜಮ್ಮನವರದು.

"ನಾನು ತೊಳೆದದ್ದು ಕೊಳಕಾ? ಏನಯ್ಯಾ, ನಿನ್ನ ಮುಖ ತೊಳ್ಕೊಂಡಿದೀಯಾ ಇವತ್ತು? ನಾಳೆ ಬರ್ತೀನಿ, ಇರು!"

ಬಂದರು. ಸೀಸೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಒಣಗಿಸಿ, ಸೊಸೆಯ ಮೂತ್ರವನ್ನು ಹೊಸದಾಗಿ ಹಿಡಿದು ತಂದಿದ್ದರು. ತಿಳಿಹಳದಿ ಬಣ್ಣವನ್ನು ನಮ್ಮಿಬ್ಬರಿಗೂ ತೋರಿಸಿದರು. ಇನ್ನೊಬ್ಬರು ಮುಟ್ಟಿ ಕೆಡಿಸಿಯಾರು ಎಂದು ಕಿಟಕಿಯ ಪಕ್ಕದಲ್ಲೇ ಕಾವಲು ಕೂತರು. ಮಧ್ಯಾಹ್ನ ಅವರ ಕೂಗು ಕೇಳಿತು.

"ಡಾಕ್ಟ್ರಮ್ಮಾ, ಬನ್ನಿ ಇಲ್ಲಿ! ನನ್ನ ಕಣ್ಣೆದುರಿಗೇ ಕಪ್ಪಾಗ್ತಿದೆ. ಈಗ ಹೇಳಿ, ಸೀಸೆ ತಪ್ಪಾ?"

ಸೀಸೆಯ ತಪ್ಪಲ್ಲ. ಅವರ ತೊಳೆಯುವಿಕೆಯಲ್ಲಿ ಒಂದು ಅನುಮಾನ ಉಳಿದಿದ್ದರೂ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. ಬಿಸಿಲು ತಾಗಿದರೆ ಕಪ್ಪಾಗುವ ಮೂತ್ರ! ಕಾಲೇಜಿನಲ್ಲಿ ಒಂದೇ ಒಂದು ಪಾಠದಲ್ಲಿ ಕೇಳಿದ್ದೆ. ನಿಮ್ಮ ಜೀವಮಾನದಲ್ಲಿ ಇದನ್ನು ಕಾಣಲಾರಿರಿ ಎಂದಿದ್ದರು ಮೇಷ್ಟ್ರು. ಅದಕ್ಕೊಂದು ಪರೀಕ್ಷೆಯಿದೆ. ಕೊಳವೆಯಲ್ಲಿ ಒಂದು ರಾಸಾಯನಿಕ ಬೆರೆಸಿದೆ, ದಾಸವಾಳದ ಕೆಂಪು ಬಂತು. ಬೇರೆ ಕಾರಣಕ್ಕೂ ಕೆಂಪು ಬರಬಹುದು, ಹಾಗಾಗಿ ಕ್ಲೋರೋಫಾರಂ ಹಾಕಿ ಕುಲುಕಿದೆ. ಕೆಂಪು ಅದರೊಳಗೆ ಇಳಿಯದೆ ಮೇಲೆಯೇ ನಿಂತಿತು. ಬೇರೆ ಕಾರಣದ ಕೆಂಪಾಗಿದ್ದರೆ ಕೆಳಗಿಳಿಯಬೇಕಿತ್ತು. ನನ್ನನ್ನೇ ನಂಬದೆ ಬೆಂಗಳೂರಿನ ಲ್ಯಾಬಿಗೂ ಸೀಸೆ ಕಳಿಸಿದೆ. ಅವರೂ ಅದನ್ನೇ ಹೇಳಿದರು. ಪಾರ್ಫೈರಿಯಾ.

ರಕ್ತಕ್ಕೆ ಕೆಂಪು ಕೊಡುವ ವಸ್ತುವನ್ನು ದೇಹ ತಯಾರಿಸುವಾಗ ನಡುವೆ ಒಂದು ಹಂತದಲ್ಲಿ ತಡೆ. ಅಲ್ಲಿ ಉಳಿದುಹೋದದ್ದು ಹೊಟ್ಟೆಯನ್ನೂ ಬುದ್ಧಿಯನ್ನೂ ಕಾಡುತ್ತದೆ. ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ. ಕೆಲವು ನಿದ್ದೆ ಮಾತ್ರೆಗಳು ಇದಕ್ಕೆ ವಿಷ. ಕಾಯಿಲೆ ಗೊತ್ತಿಲ್ಲದ ಯಾರೇ ಆಗಲಿ, ಕೌಸಲ್ಯಳ ಕಿರುಚಾಟ ನಿಲ್ಲಿಸಲು ಮೊದಲು ಕೊಡುತ್ತಿದ್ದದ್ದು ಅವೇ ಮಾತ್ರೆ.

ಅಂಬುಜಮ್ಮನವರಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ ಹೇಳಿದೆನೆಂದು ಕಾಣುತ್ತದೆ.

"ಕನ್ನಡದಲ್ಲಿ ಹೇಳಮ್ಮ. ಏನು ಕಾಯ್ಲೆ?"

ಎಷ್ಟು ಓದಿದ್ದೆ! ಕಾಯಿಲೆಗೆ ಒಂದು ಕನ್ನಡದ ಹೆಸರು ಸಿಗಲಿಲ್ಲ. ಅದಕ್ಕೆ ಒಂದು ಪ್ರಶ್ನೆ ಕೇಳಿದೆ. "ಯಾವಾಗ ಜಾಸ್ತಿಯಾಗುತ್ತೆ?"

"ಏಕಾದಶಿ ಕಳೆದ ಮೇಲೆ. ಅದಕ್ಕೇ ಈಗ ಶನಿವಾರಾನೂ ಉಪವಾಸ ಮಾಡಿಸ್ತಿದೀನಿ. ವಾಸಿಯಾಗ್ಲಿ ಅಂತ."

"ಅಮ್ಮಾ, ಇದು ಹಸಿದರೆ ಕೆರಳೋ ಕಾಯಿಲೆ" ಎಂದೆ.

ಅವರು ಬೆಂಚಿನ ಮೇಲೆ ಕೂತರು. ಆಮೇಲೆ, "ಊಟ ಹಾಕಿದ್ರೆ ಸುಮ್ಮನಿರುತ್ತಾ?" ಎಂದರು.

ಪೂರ್ತಿ ವಾಸಿಯಾಯಿತೇ? ಇಲ್ಲ. ಇದಕ್ಕೆ ಬೇರು ಕೀಳುವ ಔಷಧಿಯಿಲ್ಲ. ಆಮೇಲೆಯೂ ನೋವು ಬಂದದ್ದುಂಟು. ಆದರೆ ಕೌಸಲ್ಯ ಬೆಂಗಳೂರಿಗೂ ಹೋಗಲಿಲ್ಲ, ತವರಿಗೂ ಹೋಗಲಿಲ್ಲ. ಬೇರೆ ಸಂಬಂಧದ ಮಾತೆತ್ತಿದ ನೆಂಟರಿಗೆ ಅಂಬುಜಮ್ಮನವರು ಏನೆಂದರು ಎಂಬುದನ್ನು ಮಾತ್ರ ಹೇಳಲು ಒಪ್ಪಿಗೆಯಿಲ್ಲ.

ಹಾಗಾದರೆ ಕಾಯಿಲೆಯನ್ನು ಕಂಡುಹಿಡಿದವರು ಯಾರು, ನಾನೋ ಅವರೋ? ಹಂಚಿಕೊಂಡರೂ ಸಾಕಷ್ಟು ಉಳಿಯುವ ಹೆಮ್ಮೆ ಇದು.

ಸಭಿಕರೇ, ಇವತ್ತು ಏಕಾದಶಿ. ಅವರ ಮನೆಯಲ್ಲಿ ಇಂಥ ದಿನ ಒಲೆ ಹಚ್ಚುತ್ತಿರಲಿಲ್ಲ. ನಾನು ವೇದಿಕೆ ಹತ್ತುವ ಮುಂಚೆ, ಅಗೋ ಆ ಕಿಟಕಿಯ ಪಕ್ಕದಲ್ಲಿ, ಇವತ್ತು ಒಂದು ತೊಟ್ಟು ನೀರನ್ನೂ ಮುಟ್ಟದ ಅಂಬುಜಮ್ಮನವರು ಡಬ್ಬಿ ತೆಗೆದು ಸೊಸೆಯ ಮುಂದಿಟ್ಟರು. ತಾವೇ ಮಾಡಿ ತಂದ ಮೊಸರನ್ನ. "ತಿನ್ನೇ ಕೌಸಲ್ಯ, ಭಾಷಣ ಎಷ್ಟು ಹೊತ್ತೋ ಏನೋ" ಎಂದರು.

"ಈ ಕೈಲಿ ಅದನ್ನೆಲ್ಲ ಮುಟ್ತೀಯೇನೇ?" ಎಂದಿದ್ದ ನನ್ನ ತಾಯಿಗೆ ಕೊಡಬೇಕಿದ್ದ ಉತ್ತರ ಆ ಡಬ್ಬಿಯಲ್ಲಿತ್ತು.

ಡಬ್ಬಿ ಖಾಲಿಯಾಗಿರಬೇಕು, ನನ್ನ ಮಾತೂ ಮುಗಿಯಿತು. ಕರೆದ ಸಮಾಜಕ್ಕೆ, ಜಾಗ ಕೊಟ್ಟವರಿಗೆ, ನಾಳೆ ಸೀಸೆ ಚೆನ್ನಾಗಿ ತೊಳೆದು ತರಲಿರುವ ನಿಮಗೆಲ್ಲ ಕೃತಜ್ಞತೆ. ನಮಸ್ಕಾರ.